ಫೀಸಿನ ದುಡ್ಡು ಮಗಳ ಖಾತೆಗೇ ಬಂದಾಗ

ಹೋದ ಸಂಚಿಕೆಯಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬಗ್ಗೆ ಒಂದು ಸಣ್ಣ ಪ್ರಶ್ನೆಗೆ ಉತ್ತರ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬೆನ್ನು ಹತ್ತಿ ಬಂದವೇ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರ ಕಚೇರಿಯಲ್ಲಿ 27 ವರ್ಷ ವಿದ್ಯಾರ್ಥಿವೇತನದ ಮೇಜು ನೋಡಿಕೊಂಡು ನಿವೃತ್ತಳಾದವಳು. ಪತ್ರ ಬರೆದವರ ಹೆಸರು ಹಾಕಿಲ್ಲ, ಯಾರ ಮನೆಯ ಲೆಕ್ಕವೂ ಊರ ಮಾತಾಗಬಾರದು.

ಪ್ರಶ್ನೆ: ನಾವು ಪರಿಶಿಷ್ಟ ಜಾತಿಯವರು. ಮಗಳು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಹೋದ ವರ್ಷ ಅವಳ ಬ್ಯಾಂಕ್ ಖಾತೆಗೆ ಒಂದು ಸಲ 8,000, ಮೂರು ತಿಂಗಳು ಬಿಟ್ಟು 12,000 ರೂಪಾಯಿ ಬಂತು. ಸರ್ಕಾರ ಓದಿಗೆಂದು ಕೊಟ್ಟದ್ದು, ಮನೆಗೆ ಆಸರೆಯಾಯಿತು ಅಂದುಕೊಂಡೆವು. ಅವರ ಅಪ್ಪನ ಆಪರೇಷನ್‌ಗೆ ಖರ್ಚಾಯಿತು. ಈಗ ಕಾಲೇಜಿನವರು ಹಳೇ ಫೀಸು 17,000 ಬಾಕಿ ಇದೆ, ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ ಅನ್ನುತ್ತಿದ್ದಾರೆ. ದೊಡ್ಡ ಮಗ ಓದುವಾಗ ನಾವು ಫೀಸಿನ ಮುಖವನ್ನೇ ನೋಡಿರಲಿಲ್ಲ. ನಾವು ತಪ್ಪು ಮಾಡಿದೆವಾ? ಮಗಳನ್ನು ಬಿಡಿಸಿಬಿಡೋಣ ಅನ್ನುತ್ತಿದ್ದಾರೆ ಮನೆಯವರು.
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಅಮ್ಮಾ, ಮೊದಲು ಕೊನೆಯ ಮಾತಿಗೆ ಉತ್ತರ ಹೇಳುತ್ತೇನೆ. ಬಿಡಿಸಬೇಡಿ. 17,000 ರೂಪಾಯಿ ತೀರಿಸಲು ದಾರಿ ಇದೆ. ಎರಡನೇ ವರ್ಷದಲ್ಲಿ ಓದು ಬಿಟ್ಟ ಹುಡುಗಿಯನ್ನು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಿಸುವುದು ಎಷ್ಟು ಕಷ್ಟವೆಂದು ನಾನು ಕಣ್ಣಾರೆ ಕಂಡಿದ್ದೇನೆ. ಟಿಸಿ ಕೇಳಲು ಬಂದ ಮಕ್ಕಳಲ್ಲಿ ‘ಮುಂದಿನ ವರ್ಷ ಬರ್ತೀನಿ ಮೇಡಂ’ ಅನ್ನದವರು ಇರಲಿಲ್ಲ. ಬಂದವರನ್ನು ಕೈಬೆರಳಲ್ಲಿ ಎಣಿಸಬಹುದು.

ನೀವು ತಪ್ಪು ಮಾಡಿದಿರಾ ಎಂದರೆ, ನಿಯಮ ಬದಲಾದದ್ದನ್ನು ನಿಮಗೆ ಯಾರೂ ಕೂರಿಸಿ ಹೇಳಲಿಲ್ಲ. ಆ ತಪ್ಪು ನಿಮ್ಮದಲ್ಲ. ನಾನೀಗ ಹೇಳುತ್ತೇನೆ.

ನಿಮ್ಮ ಮಗ ಓದುವ ಕಾಲಕ್ಕೆ ಫೀಸಿನ ಭಾಗ ಇಲಾಖೆಯಿಂದ ಸೀದಾ ಕಾಲೇಜಿಗೆ ಬರುತ್ತಿತ್ತು. ಅದಕ್ಕೂ ಹಿಂದೆ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಕ್ಕಳ ನಿರ್ವಹಣಾ ಭತ್ಯೆಯನ್ನೂ ನಾವೇ ಹಂಚುತ್ತಿದ್ದೆವು. ಉದ್ದನೆಯ ಅಕ್ವಿಟೆನ್ಸ್ ರೋಲ್ ಮೇಜಿನ ಮೇಲೆ ಹಾಸಿಕೊಂಡು, ಒಂದೊಂದು ಹೆಸರಿನ ಮುಂದೆ ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ ಹಾಕಿಸುವುದು. ಸಾಲು ಕಾರಿಡಾರಿನ ಕೊನೆಯವರೆಗೂ ಇರುತ್ತಿತ್ತು. ಆಗ ಮಗುವಿನ ಕೈಗೆ ಬಂದದ್ದು ಮಗುವಿನದೇ. ಫೀಸಿನ ಸಂಗತಿ ಕಚೇರಿ ಕಚೇರಿಗಳ ನಡುವೆಯೇ ಮುಗಿಯುತ್ತಿತ್ತು.

2020ರ ಡಿಸೆಂಬರ್ 23ರಂದು ಕೇಂದ್ರ ಸಚಿವ ಸಂಪುಟ ಪರಿಶಿಷ್ಟ ಜಾತಿಯ ಮಕ್ಕಳ ಈ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯ ಹಣದ ಲೆಕ್ಕವನ್ನೇ ಬದಲಿಸಿತು. ಅದಕ್ಕೆ ಮುಂಚೆ ಇದ್ದದ್ದು ‘ಬದ್ಧ ಹೊಣೆ’ ಎಂಬ ಪದ್ಧತಿ. ಒಂದು ಪಂಚವಾರ್ಷಿಕ ಯೋಜನೆಯ ಕೊನೆಯ ವರ್ಷದಲ್ಲಿ ರಾಜ್ಯದಲ್ಲಿ ಎಷ್ಟು ಖರ್ಚಾಗಿತ್ತೋ ಅಷ್ಟನ್ನು ಮುಂದೆ ಪ್ರತಿ ವರ್ಷ ರಾಜ್ಯವೇ ಹೊರಬೇಕು, ಅದರ ಮೇಲೆ ಏರಿದ ಮೊತ್ತವನ್ನಷ್ಟೇ ಕೇಂದ್ರ ಕೊಡುತ್ತದೆ. 12ನೇ ಯೋಜನೆ 2016-17ಕ್ಕೆ ಮುಗಿಯಿತಲ್ಲ, ಆಗ ರಾಜ್ಯಗಳು ಹೊರಬೇಕಾದ ಭಾರ ಒಮ್ಮೆಲೇ ಮೇಲಕ್ಕೆ ಹೋಯಿತು. 2017-18ರಿಂದ 2019-20ರವರೆಗೆ ಇಡೀ ದೇಶಕ್ಕೆ ಕೇಂದ್ರದಿಂದ ಬಂದದ್ದು ವರ್ಷಕ್ಕೆ ಸುಮಾರು 1,100 ಕೋಟಿ. ಆ ಮೂರು ವರ್ಷ ನನ್ನ ಮೇಜಿನ ಮುಂದೆ ನಿಂತು ‘ಬಂತಾ ಮೇಡಂ’ ಎಂದು ಕೇಳಿದ ಮಕ್ಕಳ ಮುಖ ನನಗಿನ್ನೂ ನೆನಪಿದೆ. ‘ಬಜೆಟ್ ಬಂದಿಲ್ಲಪ್ಪ’ ಎನ್ನುವುದನ್ನು ಬಿಟ್ಟರೆ ನನ್ನ ಬಳಿ ಬೇರೆ ಉತ್ತರವಿರಲಿಲ್ಲ.

ಹೊಸ ಪದ್ಧತಿಯಲ್ಲಿ ಪಾಲು ಗೊತ್ತುಪಡಿಸಿದ್ದಾರೆ. ಕೇಂದ್ರದ್ದು 60, ರಾಜ್ಯದ್ದು 40. ಈಶಾನ್ಯ ರಾಜ್ಯಗಳಿಗೆ 90 ಮತ್ತು 10. ಐದು ವರ್ಷಕ್ಕೆ ಒಟ್ಟು 59,048 ಕೋಟಿ ರೂಪಾಯಿಯ ಅಂದಾಜು, ಅದರಲ್ಲಿ ಕೇಂದ್ರದ ಪಾಲು 35,534 ಕೋಟಿ. ನಾನು ಇದನ್ನು ಒಳ್ಳೆಯ ಬದಲಾವಣೆ ಎಂದೇ ಹೇಳುತ್ತೇನೆ. ಇಂತಿಷ್ಟು ಪಾಲು ಎಂದು ಬರೆದಿಟ್ಟ ಮೇಲೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಕಡಿಮೆಯಾಗುತ್ತದೆ.

ಆದರೆ ಅದೇ ಆದೇಶದಲ್ಲಿ ನಿಮ್ಮ ಮನೆಗೆ ತಟ್ಟಿದ ಇನ್ನೊಂದು ಬದಲಾವಣೆಯೂ ಇದೆ. ರಾಜ್ಯ ತನ್ನ ಪಾಲನ್ನು ಮೊದಲು ಬಿಡುಗಡೆ ಮಾಡಬೇಕು. ಅದು ಆಯಿತೆಂದು ಖಾತ್ರಿಯಾದ ಮೇಲೆ ಕೇಂದ್ರ ತನ್ನ 60ರ ಪಾಲನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹಾಕುತ್ತದೆ. 2021-22ರಿಂದ ಹೀಗೆ. ಅಂದರೆ ಭತ್ಯೆ ಮಾತ್ರವಲ್ಲ, ಫೀಸಿನ ದುಡ್ಡೂ ಮಗಳ ಖಾತೆಗೇ ಬರುತ್ತದೆ. ಕಾಲೇಜಿಗೆ ಕಟ್ಟಬೇಕಾದವಳು ಅವಳು.

ನಿಮ್ಮ ಪತ್ರದ ಜೊತೆ ಇಟ್ಟಿದ್ದ ಪಾಸ್‌ಬುಕ್ಕಿನ ನಕಲು ನೋಡಿದೆ. ಒಂದು ಸಾಲಿನಲ್ಲಿ 8,000, ಅದರ ಕೆಳಗೆ ಎರಡು ಸಾಲು ಬಿಟ್ಟು 12,000. ‘ಫೀಸು’ ಎಂದಾಗಲಿ ‘ಭತ್ಯೆ’ ಎಂದಾಗಲಿ ಆ ಸಾಲಿನಲ್ಲಿ ಎಲ್ಲೂ ಇಲ್ಲ, ಬರೀ ಅಕ್ಷರ-ಅಂಕಿಗಳ ಒಂದು ಉದ್ದ ಸಂಖ್ಯೆ. ಅದನ್ನು ನೋಡಿ ನಿಮಗೆ ಹೇಗೆ ಗೊತ್ತಾಗಬೇಕು? ನಾನು ಬಿಡಿಸಿ ಹೇಳುತ್ತೇನೆ. ಕಾಲೇಜಿನ ಮರಳಿಸಲಾಗದ ಶುಲ್ಕ 17,000. ಮನೆಯಿಂದ ಹೋಗಿಬರುವ ಬಿ.ಎಸ್ಸಿ. ವಿದ್ಯಾರ್ಥಿನಿಗೆ ವರ್ಷದ ಶೈಕ್ಷಣಿಕ ಭತ್ಯೆ 3,000. ಒಟ್ಟು 20,000. ಇದರಲ್ಲಿ ರಾಜ್ಯದ 40 ಪಾಲು 8,000, ಕೇಂದ್ರದ 60 ಪಾಲು 12,000. ನೀವು ಹೇಳಿದ ಮೊತ್ತ ಪೈಸೆಗೆ ಪೈಸೆ ಹೊಂದುತ್ತದೆ. ಆ ಇಪ್ಪತ್ತರಲ್ಲಿ ಮಗಳ ಸ್ವಂತದ್ದು ಮೂರು ಸಾವಿರ, ಉಳಿದದ್ದು ಕಾಲೇಜಿನದು. ಮೊದಲ ಕಂತು ರಾಜ್ಯದ್ದು, ಎರಡನೆಯದು ಕೇಂದ್ರದ್ದು ಅಷ್ಟೇ. ‘ಮೊದಲನೆಯದು ಫೀಸು, ಎರಡನೆಯದು ನಮಗೆ’ ಎಂದು ತಿಳಿದವರು ಬೇರೆಯವರೂ ಇದ್ದಾರೆ. ಎರಡರಲ್ಲೂ ಫೀಸು ಬೆರೆತೇ ಇರುತ್ತದೆ.

ಈಗ ಮಾಡಬೇಕಾದ್ದು. ಮಗಳನ್ನು ಒಬ್ಬಳನ್ನೇ ಕಳಿಸಬೇಡಿ, ನೀವೂ ಹೋಗಿ. ಗುಮಾಸ್ತರ ಮುಂದೆ ಬಾಯಿ ಮಾತು ಬೇಡ, ಪ್ರಾಂಶುಪಾಲರ ಹೆಸರಿಗೆ ಅರ್ಜಿ ಬರೆಯಿರಿ. ವಿದ್ಯಾರ್ಥಿವೇತನದ ಹಣ ಬಂದದ್ದು ನಿಜ, ಮನೆಯ ಚಿಕಿತ್ಸೆಗೆ ಖರ್ಚಾಗಿದೆ, 17,000ವನ್ನು ಇಂತಿಷ್ಟು ಕಂತಿನಲ್ಲಿ ಇಂಥ ತಿಂಗಳೊಳಗೆ ಕಟ್ಟುತ್ತೇವೆ, ಪರೀಕ್ಷೆ ಬರೆಯಲು ಅವಕಾಶ ಕೊಡಿ. ಮುಚ್ಚಿಡಬೇಡಿ. ಇದ್ದದ್ದು ಇದ್ದ ಹಾಗೆ ಬರೆದ ಅರ್ಜಿಯನ್ನು ತಳ್ಳಿಹಾಕಿದ ಪ್ರಾಂಶುಪಾಲರನ್ನು ನಾನು ಕಂಡದ್ದು ಕಡಿಮೆ. ಆಸ್ಪತ್ರೆಯ ಬಿಡುಗಡೆ ಚೀಟಿಯ ನಕಲು ಲಗತ್ತಿಸಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅದರ ನಕಲನ್ನು ನಿಮ್ಮ ತಾಲೂಕಿನ ಸಮಾಜ ಕಲ್ಯಾಣ ಇಲಾಖೆಯ ಸಹಾಯಕ ನಿರ್ದೇಶಕರಿಗೂ ಕೊಡಿ. ಕೈಲಾದಷ್ಟು, ಎರಡು ಸಾವಿರವಾದರೂ ಸರಿ, ಅವತ್ತೇ ಕಟ್ಟಿ ರಸೀದಿ ಪಡೆಯಿರಿ. ರಸೀದಿ ಇದ್ದರೆ ಮಾತಿಗೆ ತೂಕ ಬರುತ್ತದೆ.

ಇನ್ನೊಂದು ಮಾತು. ಫೀಸು ಬಾಕಿಯೆಂದು ಮೂಲ ಅಂಕಪಟ್ಟಿಗಳನ್ನು ಕಾಲೇಜಿನವರು ಇಟ್ಟುಕೊಂಡಿದ್ದರೆ, ಹಾಗೆ ಮೂಲ ದಾಖಲೆ ಹಿಡಿದಿಟ್ಟುಕೊಳ್ಳಬಾರದೆಂದು ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಅದನ್ನು ಅರ್ಜಿಯಲ್ಲಿ ಹೆಸರಿಸಿ ಕೇಳಿ. ಬಾಕಿಯನ್ನು ವಸೂಲು ಮಾಡುವುದು ಬೇರೆ, ಮಗುವಿನ ಹತ್ತನೇ ತರಗತಿಯ ಕಾರ್ಡನ್ನು ಒತ್ತೆ ಇಟ್ಟುಕೊಳ್ಳುವುದು ಬೇರೆ.

ಮುಂದಿನ ಸಲ ಖಾತೆಗೆ ದುಡ್ಡು ಬಿದ್ದ ದಿನವೇ ಫೀಸಿನ ಭಾಗವನ್ನು ಕಟ್ಟಿಬಿಡಿ. ಮನೆಯಲ್ಲಿ ಕಷ್ಟವಿರುವಾಗ ಖಾತೆಯಲ್ಲಿರುವ ದುಡ್ಡನ್ನು ಮುಟ್ಟದೇ ಇರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅದಕ್ಕೇ ಅದೇ ದಿನ ಎಂದೆ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ರಾಜ್ಯದ ಪಾಲು ನನಗೂ ನನ್ನ ಗೆಳೆಯನಿಗೂ ಒಂದೇ ವಾರ ಬಂತು. ಕೇಂದ್ರದ್ದು ಅವನಿಗೆ ಬಂದು ಎರಡು ತಿಂಗಳಾಯಿತು, ನನಗಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ‘ಆಧಾರ್ ಲಿಂಕ್ ಆಗಿದೆ’ ಅನ್ನುತ್ತಾರೆ. ಕಾಲೇಜಿನಲ್ಲಿ ‘ಬ್ಯಾಂಕಿಗೆ ಹೋಗು’ ಅನ್ನುತ್ತಾರೆ.
— ವಿದ್ಯಾರ್ಥಿ, ಚಾಮರಾಜನಗರ

ಉತ್ತರ: ಮಗೂ, ಲಿಂಕ್ ಆಗಿರುವುದು ಬೇರೆ, ಸೀಡಿಂಗ್ ಆಗಿರುವುದು ಬೇರೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಮಕ್ಕಳು ಬಿಸಿಲಲ್ಲಿ ಅಲೆದಿದ್ದಾರೋ.

ಖಾತೆ ತೆರೆಯುವಾಗ ಆಧಾರ್ ನಕಲು ಕೊಡುತ್ತೀರಿ, ಬ್ಯಾಂಕಿನವರು ನಂಬರನ್ನು ತಮ್ಮ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಅದು ಲಿಂಕ್. ಆಧಾರ್ ನಂಬರಿಗೆ ಸರ್ಕಾರ ಹಣ ಕಳಿಸಿದಾಗ ಅದು ಯಾವ ಬ್ಯಾಂಕಿಗೆ ಹೋಗಬೇಕು ಎಂದು ಹೇಳುವ ಪಟ್ಟಿ ಇರುವುದು ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಬಳಿ. ಆ ಪಟ್ಟಿಯಲ್ಲಿ ನಿನ್ನ ಆಧಾರಿನ ಮುಂದೆ ಒಂದೇ ಒಂದು ಬ್ಯಾಂಕಿನ ಹೆಸರು ಇರಲು ಸಾಧ್ಯ. ಕೊನೆಗೆ ಯಾವ ಬ್ಯಾಂಕಿನಲ್ಲಿ ಸೀಡಿಂಗ್ ಮಾಡಿಸಿದೆಯೋ ಅದರ ಹೆಸರು. ನಿನ್ನ ಬ್ಯಾಂಕಿನವರು ಸುಳ್ಳು ಹೇಳುತ್ತಿಲ್ಲ. ನೀನು ಕೇಳಿದ ಪ್ರಶ್ನೆ ಬೇರೆ ಇರಬೇಕಿತ್ತು, ಅಷ್ಟೇ. ‘ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೆ ಆಗಿದೆಯಾ?’ ಎಂದು ಕೇಳು.

ನಿವೃತ್ತಿಗೆ ಮುಂಚಿನ ವರ್ಷ ನಮ್ಮ ಕಾಲೇಜಿನ ಒಬ್ಬ ಹುಡುಗ ಇದೇ ದೂರು ಹಿಡಿದು ಏಳೆಂಟು ಸಲ ಬಂದ. ಪೋರ್ಟಲ್‌ನಲ್ಲಿ ಹಣ ಪಾವತಿಯಾಗಿದೆ ಎಂದೇ ತೋರಿಸುತ್ತಿತ್ತು. ಪಾಸ್‌ಬುಕ್ಕಿನಲ್ಲಿ ಇಲ್ಲ. ಕೊನೆಗೆ ನಾವಿಬ್ಬರೂ ಕೂತು ಆಧಾರ್ ವೆಬ್‌ಸೈಟ್‌ನಲ್ಲಿ ನೋಡಿದೆವು. ಅವನ ಹೆಸರಿನ ಮುಂದೆ ಬೇರೊಂದು ಬ್ಯಾಂಕ್ ಇತ್ತು. ವರ್ಷದ ಹಿಂದೆ ಅಂಗಡಿಯಲ್ಲಿ ಸಿಮ್ ತೆಗೆದುಕೊಳ್ಳುವಾಗ ಬೆರಳಚ್ಚು ಕೊಟ್ಟಿದ್ದನಂತೆ. ಆಗಲೇ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ತೆರೆದುಕೊಂಡಿದೆ, ಅವನಿಗೆ ಅದರ ಅರಿವೇ ಇಲ್ಲ. ಅವನ ಇಡೀ ವರ್ಷದ ದುಡ್ಡು ಅಲ್ಲಿ ಕೂತಿತ್ತು. ಫೋನ್ ಹಿಡಿದು ಆ ಮೊತ್ತ ನೋಡುತ್ತಾ ಅವನು ಕುರ್ಚಿಯಿಂದ ಏಳಲೇ ಇಲ್ಲ. ಆ ದುಡ್ಡಿಲ್ಲದೆ ಅವನು ಎರಡು ತಿಂಗಳು ಗಾರೆ ಕೆಲಸಕ್ಕೆ ಹೋಗಿ ಕ್ಲಾಸು ತಪ್ಪಿಸಿಕೊಂಡಿದ್ದ.

ನೀನೂ ಮೊದಲು ಅದನ್ನೇ ನೋಡು. ಮೈ ಆಧಾರ್ ಪುಟಕ್ಕೆ ಹೋಗಿ ಓಟಿಪಿ ಹಾಕಿ, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು, ಸೀಡಿಂಗ್ ಚಾಲ್ತಿಯಲ್ಲಿದೆಯೇ ಇಲ್ಲವೇ ಎರಡೂ ತೋರುತ್ತದೆ. ಬೇರೆ ಬ್ಯಾಂಕ್ ಇದ್ದರೆ ಹಣ ಅಲ್ಲಿಗೆ ಹೋಗಿದೆಯೇ ವಿಚಾರಿಸು. ಸೀಡಿಂಗ್ ನಿಂತುಹೋಗಿದ್ದರೆ ನಿನ್ನ ಬ್ಯಾಂಕಿನಲ್ಲಿ ಸೀಡಿಂಗ್ ಒಪ್ಪಿಗೆ ನಮೂನೆ ತುಂಬಿಕೊಡು, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೋ.

ಎಲ್ಲ ಸರಿಯಿದ್ದೂ ಬರದಿದ್ದರೆ ಹೆಸರು ನೋಡು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ‘ಮಹದೇವಸ್ವಾಮಿ ಆರ್.’, ಆಧಾರಿನಲ್ಲಿ ‘ಮಾದೇಶ’ ಎಂದಿದ್ದರೆ ಕಂಪ್ಯೂಟರಿಗೆ ಅವರು ಇಬ್ಬರು ಮನುಷ್ಯರು. ನಿಮ್ಮ ಕಡೆ ಮನೆದೇವರ ಹೆಸರನ್ನು ಮನೆಯಲ್ಲೊಂದು ಬಗೆ, ಶಾಲೆಯಲ್ಲೊಂದು ಬಗೆ ಬರೆಸುವುದು ಸಾಮಾನ್ಯ, ಅದಕ್ಕೇ ಹೇಳಿದೆ. ಆಧಾರಿನ ಹೆಸರನ್ನು ಎಸ್‌ಎಸ್‌ಎಲ್‌ಸಿ ಕಾರ್ಡಿಗೆ ಹೊಂದುವಂತೆ ತಿದ್ದಿಸುವುದು ಸುಲಭ. ಎಸ್‌ಎಸ್‌ಎಲ್‌ಸಿ ಕಾರ್ಡು ತಿದ್ದಿಸಲು ಹೊರಟರೆ ಡಿಪ್ಲೊಮಾ ಮುಗಿದೀತು.

ಪ್ರಶ್ನೆ: ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ಅಂಗನವಾಡಿ ಸಹಾಯಕಿ. ಅಣ್ಣ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ, ತಿಂಗಳಿಗೆ 24,000. ಅವನ ಸಂಬಳ ಸೇರಿಸಿದರೆ ಎರಡೂವರೆ ಲಕ್ಷ ದಾಟುತ್ತದೆ, ನಿನಗೆ ಬರುವುದಿಲ್ಲ ಎಂದು ಅರ್ಜಿ ಹಾಕುವ ಅಂಗಡಿಯವರು ಹೇಳಿದರು. ಈ ವರ್ಷ ಅರ್ಜಿಯನ್ನೇ ಹಾಕಿಲ್ಲ.
— ಬಿ.ಕಾಂ. ವಿದ್ಯಾರ್ಥಿನಿ, ಪರಿಶಿಷ್ಟ ಜಾತಿ, ತುಮಕೂರು ಜಿಲ್ಲೆ

ಉತ್ತರ: ನಿನ್ನ ಪತ್ರ ಓದಿ ನನಗೆ ಸಂಕಟವಾಯಿತು. ಅರ್ಹತೆ ಇದ್ದ ಮಗುವನ್ನು ಅಂಗಡಿಯ ಮಾತೊಂದು ಹೊರಗೆ ನಿಲ್ಲಿಸಿದೆ.

ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ, ಅದು ನಿಜ. 2021ರ ಮಾರ್ಗಸೂಚಿಯೂ ಅದನ್ನು ಏರಿಸಲಿಲ್ಲ. ಕೂಲಿ, ಬೆಲೆ ಎರಡೂ ಎಷ್ಟೋ ಏರಿದ ಮೇಲೂ ಈ ಗೆರೆ ಅಲ್ಲೇ ನಿಂತಿರುವುದು ಸರಿಯಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗಾರ್ಮೆಂಟ್ಸ್‌ಗೆ ಹೋಗುವ ಗಂಡ-ಹೆಂಡತಿ ಇಬ್ಬರೂ ವರ್ಷಪೂರ್ತಿ ದುಡಿದರೆ ಗೆರೆಯ ಹತ್ತಿರ ಬಂದುಬಿಡುತ್ತಾರೆ. ಅವರು ಶ್ರೀಮಂತರೇ?

ಆದರೆ ಆ ಗೆರೆಯೊಳಗೆ ಯಾರ ಆದಾಯ ಲೆಕ್ಕಕ್ಕೆ ಬರುತ್ತದೆ ಎನ್ನುವುದು ನಿಯಮದಲ್ಲಿ ಸ್ಪಷ್ಟವಾಗಿದೆ. ತಂದೆ-ತಾಯಿ ಇಬ್ಬರಲ್ಲಿ ಒಬ್ಬರು ಬದುಕಿದ್ದರೂ ಅವರ ಆದಾಯ ಮಾತ್ರ. ಮನೆಯಲ್ಲಿ ಬೇರೆ ಯಾರು ದುಡಿಯುತ್ತಿದ್ದರೂ, ಅಣ್ಣನಾಗಲಿ ಚಿಕ್ಕಪ್ಪನಾಗಲಿ, ಅದನ್ನು ಸೇರಿಸುವಂತಿಲ್ಲ. ಮದುವೆಯಾಗಿ ಕೆಲಸವಿಲ್ಲದೆ ಓದುತ್ತಿರುವ ಹೆಣ್ಣುಮಗಳಾದರೆ ಗಂಡನ ಆದಾಯ. ತಂದೆ-ತಾಯಿ ಇಬ್ಬರೂ ಇಲ್ಲದಿದ್ದರೆ ಸಾಕುತ್ತಿರುವ ಪೋಷಕರದ್ದು. ನಿನ್ನ ಲೆಕ್ಕಕ್ಕೆ ಬರುವುದು ನಿನ್ನ ಅಮ್ಮನ ಗೌರವಧನ ಒಂದೇ.

ನಾಡಕಚೇರಿಯಲ್ಲಿ ಅಮ್ಮನ ಹೆಸರಿನಲ್ಲೇ ಆದಾಯದ ವಿವರ ಕೊಟ್ಟು ಪ್ರಮಾಣಪತ್ರ ಮಾಡಿಸು. ಗ್ರಾಮ ಆಡಳಿತಾಧಿಕಾರಿ ಸ್ಥಳ ವಿಚಾರಣೆಗೆ ಬಂದಾಗ ಅಣ್ಣನ ಬಗ್ಗೆ ಕೇಳಿದರೆ ಇದ್ದದ್ದನ್ನೇ ಹೇಳು, ಜೊತೆಗೆ ನಿಯಮವನ್ನೂ ಹೇಳು. ಪ್ರಮಾಣಪತ್ರದಲ್ಲಿ ಆರ್‌ಡಿ ಎಂದು ಶುರುವಾಗುವ ನಂಬರ್ ಇರುತ್ತದೆ, ಎಸ್‌ಎಸ್‌ಪಿಯಲ್ಲಿ, ಅಂದರೆ ಅರ್ಜಿ ಹಾಕುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಹಾಕುವುದು ಅದನ್ನೇ. ಜಾತಿಯದ್ದಕ್ಕೆ ಒಂದು, ಆದಾಯದ್ದಕ್ಕೆ ಒಂದು. ಆ ಸಾಲಿನಲ್ಲಿ ಒಂದು ಅಂಕಿ ತಪ್ಪಾದರೂ ಬೇರೊಬ್ಬರ ಹೆಸರು ಬರುತ್ತದೆ, ಹಾಗಾಗಿ ಒತ್ತುವ ಮುಂಚೆ ಪರದೆಯ ಮೇಲೆ ಬಂದ ಹೆಸರು ಓದು.

ಅರ್ಜಿಯನ್ನು ಅಂಗಡಿಯಲ್ಲಿ ಹಾಕಿಸಿದರೂ ಪಾಸ್‌ವರ್ಡ್ ನಿನ್ನ ಬಳಿ ಇರಲಿ, ಮೊಬೈಲ್ ನಂಬರ್ ನಿನ್ನದೇ ಇರಲಿ. ಅಂಗಡಿಯವರ ನಂಬರ್ ಹಾಕಿದ ಅರ್ಜಿಗಳಲ್ಲಿ ‘ದಾಖಲೆ ಸರಿಪಡಿಸಿ’ ಎಂಬ ಸಂದೇಶ ಅವರ ಫೋನಿಗೆ ಹೋಗಿ ಅಲ್ಲೇ ಉಳಿಯುತ್ತದೆ. ದಾಖಲೆಗಳಿಗೆ ಕಾಲೇಜಿನಲ್ಲಿ ಇ-ದೃಢೀಕರಣ ಮಾಡಿಸಬೇಕು. ಕೊನೆಯ ದಿನಕ್ಕೆ ಇಡೀ ತರಗತಿ ಒಟ್ಟಿಗೆ ಆ ಅಧಿಕಾರಿಯ ಬಾಗಿಲಲ್ಲಿ ನಿಲ್ಲುತ್ತದೆ, ನೀನು ಶುರುವಿನಲ್ಲೇ ಹೋಗು. ಈ ವರ್ಷದ ಗಡುವು ಮುಗಿದಿದೆಯೇ, ವಿಸ್ತರಣೆಯಾಗಿದೆಯೇ ಎಂದು ಇವತ್ತೇ ತಾಲೂಕು ಕಚೇರಿಯಲ್ಲಿ ಕೇಳು. ಗಡುವನ್ನು ಮುಂದೂಡಿದ ಸುತ್ತೋಲೆಗಳನ್ನು ನಾನೇ ಎಷ್ಟೋ ಸಲ ಫಲಕಕ್ಕೆ ಅಂಟಿಸಿದ್ದೇನೆ.

ಪ್ರಶ್ನೆ: ನನ್ನ ತಂಗಿಗೆ ನರ್ಸಿಂಗ್ ಸೀಟು ಕೊಡಿಸುತ್ತೇವೆ, ಎಸ್‌ಸಿ ಆದ್ದರಿಂದ ಒಂದು ರೂಪಾಯಿಯೂ ಖರ್ಚಿಲ್ಲ, ಎಲ್ಲಾ ಸ್ಕಾಲರ್‌ಶಿಪ್‌ನಲ್ಲಿ ಬರುತ್ತದೆ ಎಂದು ಒಬ್ಬರು ಊರಿಗೇ ಬಂದು ಹೇಳಿದರು. ಅಂಕಪಟ್ಟಿಯ ಮೂಲ ಪ್ರತಿ ಕೇಳುತ್ತಿದ್ದಾರೆ. ಕೊಡಬಹುದೇ?
— ರಾಯಚೂರು ಜಿಲ್ಲೆ

ಉತ್ತರ: ಕೊಡಬೇಡಿ. ಇನ್ನೂ ಕೊಟ್ಟಿಲ್ಲವೆಂದು ತಿಳಿದು ನೆಮ್ಮದಿಯಾಯಿತು.

ಅವರು ಹೇಳುವುದರಲ್ಲಿ ಅರ್ಧ ನಿಜವಿದೆ, ಅದಕ್ಕೇ ಜನ ನಂಬುತ್ತಾರೆ. ಅರ್ಹ ಪರಿಶಿಷ್ಟ ಜಾತಿ ವಿದ್ಯಾರ್ಥಿಯಿಂದ ಮುಂಗಡ ಫೀಸು ಕೇಳದೆ ಪ್ರವೇಶ ಕೊಡಬೇಕು, ವಿದ್ಯಾರ್ಥಿವೇತನ ಬಂದ ಮೇಲೆ ಅವರು ಕಟ್ಟುತ್ತಾರೆ ಎನ್ನುವ ಆಶಯ ಮಾರ್ಗಸೂಚಿಯಲ್ಲೇ ಇದೆ, ಫ್ರೀಶಿಪ್ ಕಾರ್ಡ್ ಎಂಬ ಹೆಸರಿನಲ್ಲಿ. ಅವರು ಹೇಳದೇ ಬಿಡುವ ಇನ್ನರ್ಧ ಹೀಗಿದೆ: ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ, ಸರಿಯಾದ ಪ್ರವೇಶ ಪ್ರಕ್ರಿಯೆ ಇಲ್ಲದೆ ಸ್ಥಳದಲ್ಲೇ ಕೊಟ್ಟ ಸೀಟಿಗೆ ಈ ಯೋಜನೆಯಲ್ಲಿ ಫೀಸು ಸಿಗುವುದಿಲ್ಲ. 2018ರ ಮಾರ್ಗಸೂಚಿಯಿಂದ ಈ ಮಾತು ಬಿಗಿಯಾಗಿದೆ. ಊರಿಗೆ ಬಂದು ಸೀಟು ಹಂಚುವವರ ಬಳಿ ಇರುವುದು ಬಹುತೇಕ ಅಂಥವೇ. ಎಷ್ಟೋ ಹೆಣ್ಣುಮಕ್ಕಳು ಆರು ತಿಂಗಳಾದ ಮೇಲೆ ‘ನಿಮ್ಮದು ರಿಜೆಕ್ಟ್ ಆಗಿದೆ, ಪೂರ್ತಿ ಫೀಸು ಕಟ್ಟಿ’ ಎಂಬ ಮಾತು ಕೇಳುತ್ತಾರೆ. ಮೂಲ ಅಂಕಪಟ್ಟಿ ಅವರ ಕಪಾಟಿನಲ್ಲಿ. ಊರಿಗೆ ಮರಳುವಂತೆಯೂ ಇಲ್ಲ, ಓದುವಂತೆಯೂ ಇಲ್ಲ.

ಮೂರು ಪ್ರಶ್ನೆ ಕೇಳಿ. ಕಾಲೇಜಿನ ಹೆಸರೇನು, ಸೀಟು ಸರ್ಕಾರಿ ಕೋಟಾದ್ದೋ ಮ್ಯಾನೇಜ್‌ಮೆಂಟಿನದೋ, ಮಾನ್ಯತೆಯ ಆದೇಶದ ಪ್ರತಿ ಎಲ್ಲಿ. ಆಮೇಲೆ ಆ ಕಾಲೇಜಿನ ಹೆಸರನ್ನು ಸಮಾಜ ಕಲ್ಯಾಣ ಕಚೇರಿಯಲ್ಲಿ ತೋರಿಸಿ ಎಸ್‌ಎಸ್‌ಪಿಯ ಪಟ್ಟಿಯಲ್ಲಿ ಇದೆಯೇ ನೋಡಿಸಿ. ನರ್ಸಿಂಗ್‌ನ ಭತ್ಯೆಯನ್ನೂ ಹೇಳಿಬಿಡುತ್ತೇನೆ: ಎರಡನೇ ಗುಂಪಿಗೆ ಸೇರುತ್ತದೆ, ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 9,500, ಮನೆಯಿಂದ ಹೋದರೆ 6,500. ವೈದ್ಯಕೀಯ, ಎಂಜಿನಿಯರಿಂಗ್ ಇರುವ ಮೊದಲ ಗುಂಪಿಗೆ 13,500 ಮತ್ತು 7,000. ಬಿ.ಎ., ಬಿ.ಎಸ್ಸಿ., ಬಿ.ಕಾಂ.ನಂಥವಕ್ಕೆ 6,000 ಮತ್ತು 3,000. ಪಿಯುಸಿ, ಐಟಿಐ, ಡಿಪ್ಲೊಮಾಗೆ 4,000 ಮತ್ತು 2,500. ಅಂಗವಿಕಲ ವಿದ್ಯಾರ್ಥಿಗೆ ಇದರ ಮೇಲೆ ಶೇಕಡಾ 10 ಹೆಚ್ಚು. ಕಾಷನ್ ಡಿಪಾಸಿಟ್‌ನಂಥ ಮರಳಿ ಬರುವ ಠೇವಣಿಗಳು ಯೋಜನೆಯಲ್ಲಿ ಸೇರುವುದಿಲ್ಲ, ಅಷ್ಟನ್ನು ಕೈಯಿಂದ ಹೊಂದಿಸಿಕೊಂಡಿರಬೇಕು.

ಪ್ರಶ್ನೆ: ಬಿ.ಎ. ಮುಗಿಸಿದ್ದೇನೆ, ಈಗ ಬಿ.ಕಾಂ.ಗೆ ಸೇರಿದರೆ ಮತ್ತೆ ಸಿಗುತ್ತದೆಯೇ?
— ಕೋಲಾರ

ಉತ್ತರ: ಇಲ್ಲ. ಒಂದು ಹಂತ ಮುಗಿಸಿ ಅದೇ ಹಂತದ ಬೇರೆ ವಿಷಯ ಓದಿದರೆ ಸಿಗುವುದಿಲ್ಲ. ಎಂ.ಎ.ಗೆ ಸೇರಿದರೆ ಸಿಗುತ್ತದೆ. ಇಷ್ಟವಿರುವುದು ಲೆಕ್ಕಪತ್ರದ ಕೆಲಸವೇ ಆದರೆ ಇನ್ನೊಂದು ಪದವಿಯ ಬದಲು ಸಣ್ಣ ಅವಧಿಯ ತರಬೇತಿ ನೋಡಿ.

ಪ್ರಶ್ನೆ: ನಾವು 2ಎ. ನಮಗೂ ಇದೇ ನಿಯಮವೇ?
— ಶಿರಸಿ

ಉತ್ತರ: ನಿಮ್ಮ ಅರ್ಜಿಯೂ ಎಸ್‌ಎಸ್‌ಪಿಯಲ್ಲೇ, ಆದರೆ ಇಲಾಖೆ ಹಿಂದುಳಿದ ವರ್ಗಗಳ ಕಲ್ಯಾಣ. ಅಲ್ಲಿ ಶುಲ್ಕ ವಿನಾಯಿತಿ ಬೇರೆ, ವಿದ್ಯಾಸಿರಿ ಬೇರೆ. ಹಾಸ್ಟೆಲ್ ಸಿಗದೆ ಊರು ಬಿಟ್ಟು ಓದುವವರಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ ಎಂದು ಶುರುವಾದದ್ದು. ಪರಿಶಿಷ್ಟ ಪಂಗಡದ ಒಬ್ಬ ಓದುಗರೂ ಕೇಳಿದ್ದಾರೆ: ನಿಮ್ಮ ಯೋಜನೆ ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯದ್ದು, ಪಾಲು 75 ಮತ್ತು 25, ಆದಾಯ ಮಿತಿ ಅದೇ 2.5 ಲಕ್ಷ. ಆಧಾರ್ ಸೀಡಿಂಗ್ ಬಗ್ಗೆ ಮೇಲೆ ಬರೆದದ್ದು ಎಲ್ಲರಿಗೂ ಅನ್ವಯಿಸುತ್ತದೆ.

ಪ್ರಶ್ನೆ: ನನಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಗಂಡುಮಕ್ಕಳಿಬ್ಬರೂ ಎಸ್‌ಸಿ ವಿದ್ಯಾರ್ಥಿವೇತನದಲ್ಲೇ ಓದಿದರು. ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ 88 ಪರ್ಸೆಂಟ್ ತೆಗೆದಿದ್ದಾಳೆ. ಒಂದು ಮನೆಗೆ ಇಬ್ಬರಿಗೆ ಮಾತ್ರ ಕೊಡುವುದು, ಮೂರನೆಯವರಿಗೆ ಇಲ್ಲ ಎಂದು ನಮ್ಮ ಕೇರಿಯಲ್ಲಿ ಹೇಳುತ್ತಾರೆ. ನನ್ನ ಕೂಲಿಯಲ್ಲಿ ಅವಳನ್ನು ಪಿಯುಸಿಗೆ ಕಳಿಸಲಾಗದು.
— ಒಬ್ಬ ತಂದೆ, ಕಲಬುರಗಿ ಜಿಲ್ಲೆ

ಉತ್ತರ: ಅಣ್ಣಾ, ಕಳಿಸಿ. ನಿಮ್ಮ ಮಗಳಿಗೆ ಸಿಗುತ್ತದೆ.

ಕೇರಿಯವರು ಹೇಳುವುದು ಪೂರ್ತಿ ಕಟ್ಟುಕಥೆಯಲ್ಲ. ಹಿಂದೆ ಒಂದು ನಿಯಮವಿತ್ತು, ಒಂದೇ ತಂದೆ-ತಾಯಿಯ ಇಬ್ಬರು ಗಂಡುಮಕ್ಕಳಿಗೆ ಮಾತ್ರ ಎಂದು. ನೋಡಿ, ಆಗಲೂ ಅದು ಗಂಡುಮಕ್ಕಳಿಗೆ ಹಾಕಿದ ಮಿತಿ, ಹೆಣ್ಣುಮಕ್ಕಳಿಗೆ ಇರಲಿಲ್ಲ. ಆಮೇಲೆ ಅದನ್ನೂ ತೆಗೆದರು. ಈಗ ಒಂದೇ ಮನೆಯ ಎಲ್ಲ ಮಕ್ಕಳೂ ಅರ್ಹರು. ನಿಯಮ ಹೋಗಿ ಎಷ್ಟೋ ವರ್ಷವಾದರೂ ಅದರ ಮಾತು ಕೇರಿಯಲ್ಲಿ ಉಳಿದುಕೊಂಡಿದೆ. ಎಷ್ಟು ಹೆಣ್ಣುಮಕ್ಕಳು ಆ ಮಾತು ನಂಬಿ ಮನೆಯಲ್ಲಿ ಉಳಿದರೋ ಎಂದು ಯೋಚಿಸಿದರೆ ನನಗೆ ನಿದ್ದೆ ಬರುವುದಿಲ್ಲ.

ಈ ಯೋಜನೆ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದ ಕಾಲದಲ್ಲಿ. 2020ರಲ್ಲಿ ಹಣದ ಲೆಕ್ಕ ಬದಲಿಸಿದಾಗ ಕೇಂದ್ರ ಸರ್ಕಾರ ಹೇಳಿದ್ದು, ಹತ್ತನೇ ತರಗತಿಯ ಆಚೆಗೆ ಓದು ಮುಂದುವರಿಸಲಾಗದ ಅತಿ ಬಡ ಮಕ್ಕಳು ಅಂದಾಜು 1.36 ಕೋಟಿ ಇದ್ದಾರೆ, ಅವರನ್ನು ಒಳಗೆ ತರಬೇಕು ಎಂದು. ಹತ್ತು ಮುಗಿಸಿ ಹೊಸ್ತಿಲಲ್ಲಿ ನಿಂತಿರುವ ನಿಮ್ಮ ಮಗಳಂಥವರಿಗೇ ಆ ದುಡ್ಡು.

ಪ್ರವೇಶದ ದಿನ ಅವಳ ಜೊತೆ ಹೋಗಿ. ಹತ್ತಿರದ ಸರ್ಕಾರಿ ಪಿಯು ಕಾಲೇಜು ಇದ್ದರೆ ಅದನ್ನೇ ಮೊದಲು ನೋಡಿ. ದೂರವಾದರೆ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ಅದೇ ವಾರ ಅರ್ಜಿ ಹಾಕಿ. ಅವಳ ಸ್ವಂತ ಹೆಸರಿನಲ್ಲಿ ಖಾತೆ ತೆರೆಸಿ, ಅಣ್ಣಂದಿರ ಖಾತೆ ಬೇಡ. ಸೀಡಿಂಗ್ ಮಾಡಿಸುವಾಗ ಅವಳ ಆಧಾರಿನ ಮೊಬೈಲ್ ನಂಬರ್ ಇನ್ನೂ ಚಾಲ್ತಿಯಲ್ಲಿದೆಯೇ ನೋಡಿ, ಇಲ್ಲದಿದ್ದರೆ ಓಟಿಪಿ ಬರದೆ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಆದಾಯ ಪ್ರಮಾಣಪತ್ರ ಗಂಡುಮಕ್ಕಳ ಕಾಲದ್ದಾದರೆ ಅದರ ಮೇಲಿನ ಅವಧಿ ಓದಿಸಿ, ಮುಗಿದಿದ್ದರೆ ಹೊಸದು ಮಾಡಿಸಿ. ಇಷ್ಟೂ ಆದಮೇಲೆ ಎಲ್ಲಾದರೂ ತಡೆದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ, ನಾನು ಮರುಟಪಾಲಿನಲ್ಲೇ ಬರೆಯುತ್ತೇನೆ.